8 ತಂಡ, 4 ಮೈದಾನ: ಲೀಗ್ ವೇಳಾಪಟ್ಟಿಯಲ್ಲಿ ಒಂದೇ ತಂಡ ಒಂದೇ ಮೈದಾನಕ್ಕೆ ಅಂಟಿಕೊಳ್ಳದಂತೆ ಮಾಡುವುದು ಹೇಗೆ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. 8 ತಂಡಗಳ ಒಂದು ದಿನದ ಟೂರ್ನಿಗೆ ವೇಳಾಪಟ್ಟಿ ಬೇಕಾಗಿದೆ. ಲೀಗ್ ಮಾದರಿ: ಪ್ರತಿ ತಂಡವೂ ಉಳಿದ 7 ತಂಡಗಳ ಜೊತೆ ಒಮ್ಮೊಮ್ಮೆ ಆಡಬೇಕು, ಒಟ್ಟು 28 ಪಂದ್ಯ. ಅಕ್ಕಪಕ್ಕದಲ್ಲೇ ಎ, ಬಿ, ಸಿ, ಡಿ ಎಂದು 4 ಮೈದಾನಗಳಿವೆ. ಸುತ್ತಿಗೆ 4 ಪಂದ್ಯದಂತೆ 7 ಸುತ್ತಿಗೆ ಲೆಕ್ಕ ಸರಿಹೋಗುತ್ತದೆ.

ಜೋಡಿ ಮಾಡಲು ಸಾಮಾನ್ಯವಾಗಿ ಬಳಸುವ ತಿರುಗಿಸುವ ವಿಧಾನವನ್ನೇ ಹಿಡಿದಿದ್ದೇನೆ. 8ನೇ ತಂಡವನ್ನು ಮೂಲೆಯಲ್ಲಿ ನಿಲ್ಲಿಸಿ ಉಳಿದ ಏಳನ್ನು ಸುತ್ತಿಗೆ ಒಂದು ಸ್ಥಾನದಂತೆ ಸರಿಸುವುದು. ಯಾರೂ ಯಾರ ಜೊತೆಗೂ ಎರಡು ಸಲ ಆಡುವುದಿಲ್ಲ, ಅಷ್ಟರ ಮಟ್ಟಿಗೆ ಸರಿ. ತೊಂದರೆ ಇರುವುದು ಮೈದಾನದಲ್ಲಿ. ಮೊದಲ ಸಾಲಿನ ಪಂದ್ಯಕ್ಕೆ ಎ, ಅದರ ಕೆಳಗಿನದಕ್ಕೆ ಬಿ ಎಂದು ಬರೆದುಕೊಂಡು ಹೋದರೆ 8ನೇ ತಂಡ ಏಳೂ ಪಂದ್ಯಗಳನ್ನು ಎ ಮೈದಾನದಲ್ಲೇ ಆಡುತ್ತದೆ, ಉಳಿದ ತಂಡಗಳಿಗೆ ಅದು ಒಂದೊಂದು ಸಲ ಮಾತ್ರ. ಎ ಸಮತಟ್ಟು, ಡಿ ಒಂದು ಬದಿಗೆ ಇಳಿಜಾರು, ಆದ್ದರಿಂದ ಇದನ್ನು ಹಾಗೇ ಬಿಡುವಂತಿಲ್ಲ. ಕೈಯಲ್ಲಿ ಅದಲು ಬದಲು ಮಾಡಲು ಹೋದರೆ ಒಂದು ತಂಡದ್ದನ್ನು ಸರಿಪಡಿಸುವಾಗ ಇನ್ನೊಂದರದು ಕೆಡುತ್ತದೆ.

ಎಂಟೂ ತಂಡಗಳಿಗೆ ಮೈದಾನಗಳನ್ನು ಸಮನಾಗಿ ಹಂಚಲು ಸಾಧ್ಯವೇ? ಮೈದಾನ ಬಿಟ್ಟರೆ ಬೇರೆ ಯಾವ ಅನ್ಯಾಯ ಇಂಥ ಪಟ್ಟಿಯೊಳಗೆ ಅಡಗಿರುತ್ತದೆ?


ಉತ್ತರ 1

ಪೂರ್ತಿ ಸಮ ಆಗುವುದಿಲ್ಲ. ತಂಡಕ್ಕೆ 7 ಪಂದ್ಯ, ಮೈದಾನ 4, ಭಾಗಾಕಾರ ಸರಿಹೋಗುವುದಿಲ್ಲ. ಸಿಗಬಹುದಾದ ಅತಿ ಹತ್ತಿರದ ಹಂಚಿಕೆ ಎಂದರೆ ಮೂರು ಮೈದಾನಗಳಲ್ಲಿ ಎರಡೆರಡು ಸಲ, ಒಂದರಲ್ಲಿ ಒಂದು ಸಲ. ಇದು ಎಂಟೂ ತಂಡಗಳಿಗೂ ಒಟ್ಟಿಗೆ ಸಿಗುತ್ತದೆ, ಅದಕ್ಕೆ ಕಂಪ್ಯೂಟರ್ ಕೂಡ ಬೇಡ.

ತೊಂದರೆ ಹುಟ್ಟುವ ಜಾಗ ಗೊತ್ತಾದರೆ ಪರಿಹಾರ ತಾನಾಗಿ ಕಾಣುತ್ತದೆ. 1ರಿಂದ 7ರವರೆಗಿನ ತಂಡಗಳನ್ನು ಗಡಿಯಾರದ ಅಂಕಿಗಳ ಹಾಗೆ ದುಂಡಗೆ ಬರೆಯಿರಿ. 7 ಆದಮೇಲೆ ಮತ್ತೆ 1. 8ನ್ನು ನಡುವೆ ಗೂಟದ ಹಾಗೆ ನೆಡಿ. 1ನೇ ಸುತ್ತಿನಲ್ಲಿ 8ರ ಎದುರಾಳಿ 1. ಆ 1ರ ಎಡಬಲಕ್ಕೆ ಒಂದೊಂದು ಮನೆ ದೂರದಲ್ಲಿರುವ 2 ಮತ್ತು 7 ಒಂದು ಜೋಡಿ, ಎರಡೆರಡು ಮನೆ ದೂರದ 3 ಮತ್ತು 6 ಇನ್ನೊಂದು, ಮೂರು ಮನೆ ದೂರದ 4 ಮತ್ತು 5 ಮತ್ತೊಂದು. 2ನೇ ಸುತ್ತಿನಲ್ಲಿ 8ರ ಎದುರಾಳಿ 2, ಉಳಿದ ಜೋಡಿಗಳನ್ನು 2ರ ಎಡಬಲದಿಂದ ಎಣಿಸಿ. ನೀವು ಮಾಡಿರುವುದೂ ಇದೇ, ಬರೆಯುವ ರೀತಿ ಮಾತ್ರ ಬೇರೆ.

ಈಗ ಒಂದು ಮನೆ ದೂರದ ಜೋಡಿಗೆ ಬಿ, ಎರಡರದಕ್ಕೆ ಸಿ, ಮೂರರದಕ್ಕೆ ಡಿ, 8ರ ಪಂದ್ಯಕ್ಕೆ ಎ ಎಂದು ಕೊಡಿ. 1ರಿಂದ 7ರವರೆಗಿನ ಪ್ರತಿ ತಂಡವೂ ಬಿ, ಸಿ, ಡಿಗಳಲ್ಲಿ ಸರಿಯಾಗಿ ಎರಡೆರಡು ಸಲ ಬರುತ್ತದೆ: ಒಮ್ಮೆ ಎಡಗಡೆಯ ತಂಡವಾಗಿ, ಒಮ್ಮೆ ಬಲಗಡೆಯ ತಂಡವಾಗಿ. 7 ತಂಡ, 3 ಮೈದಾನದ ಟೂರ್ನಿಯಾಗಿದ್ದರೆ ಇಲ್ಲಿಗೇ ಕೆಲಸ ಮುಗಿಯುತ್ತಿತ್ತು. ಪ್ರತಿ ತಂಡಕ್ಕೂ ಮೈದಾನಕ್ಕೆ ಎರಡು ಪಂದ್ಯ, ಒಂದು ಸುತ್ತು ಬಿಡುವು. ಗೂಟಕ್ಕೆ ನಿಂತ 8 ತಿರುಗುವುದೇ ಇಲ್ಲವಾದ್ದರಿಂದ ಅದೊಂದರ ಹಂಚಿಕೆ ಮಾತ್ರ ಕೆಟ್ಟಿದೆ.

ಸರಿಪಡಿಸುವ ನಿಯಮ ಇಷ್ಟೇ: ಪ್ರತಿ ಸುತ್ತಿನಲ್ಲೂ 7ರಿಂದ ಸುತ್ತಿನ ಸಂಖ್ಯೆಯನ್ನು ಕಳೆಯಿರಿ, ಬಂದ ಸಂಖ್ಯೆಯ ತಂಡ ಯಾವ ಮೈದಾನದಲ್ಲಿದೆಯೋ ಆ ಪಂದ್ಯಕ್ಕೂ 8ರ ಪಂದ್ಯಕ್ಕೂ ಮೈದಾನ ಅದಲು ಬದಲು ಮಾಡಿ. 1ನೇ ಸುತ್ತಿನಲ್ಲಿ 7−1=6; 6ನೇ ತಂಡ ಸಿ ಮೈದಾನದಲ್ಲಿದೆ; ಹಾಗಾಗಿ 3–6 ಪಂದ್ಯ ಎಗೆ ಹೋಗುತ್ತದೆ, 1–8 ಸಿಗೆ ಬರುತ್ತದೆ. 7ನೇ ಸುತ್ತಿನಲ್ಲಿ ಉಳಿಯುವುದು 0, ಅದನ್ನು ಮುಟ್ಟಬೇಡಿ. ಪೂರ್ತಿ ಪಟ್ಟಿ:

ಸುತ್ತು 1: ಎ 3–6, ಬಿ 2–7, ಸಿ 1–8, ಡಿ 4–5
ಸುತ್ತು 2: ಎ 5–6, ಬಿ 1–3, ಸಿ 4–7, ಡಿ 2–8
ಸುತ್ತು 3: ಎ 2–4, ಬಿ 3–8, ಸಿ 1–5, ಡಿ 6–7
ಸುತ್ತು 4: ಎ 3–5, ಬಿ 4–8, ಸಿ 2–6, ಡಿ 1–7
ಸುತ್ತು 5: ಎ 1–2, ಬಿ 4–6, ಸಿ 3–7, ಡಿ 5–8
ಸುತ್ತು 6: ಎ 1–4, ಬಿ 5–7, ಸಿ 6–8, ಡಿ 2–3
ಸುತ್ತು 7: ಎ 7–8, ಬಿ 1–6, ಸಿ 2–5, ಡಿ 3–4

ಒಂದೇ ಸಲ ಸಿಗುವ ಮೈದಾನ 7 ಮತ್ತು 8ಕ್ಕೆ ಎ, 2 ಮತ್ತು 5ಕ್ಕೆ ಬಿ, 3 ಮತ್ತು 4ಕ್ಕೆ ಸಿ, 1 ಮತ್ತು 6ಕ್ಕೆ ಡಿ. ಉಳಿದೆಲ್ಲ ಎರಡೆರಡು. ಯಾರಿಗೆ ಯಾವ ಸಂಖ್ಯೆ ಎಂಬುದನ್ನು ಎಲ್ಲ ತಂಡಗಳ ಎದುರಿನಲ್ಲೇ ಚೀಟಿ ಎತ್ತಿ ತೀರ್ಮಾನಿಸಿ. ಡಿ ಮೈದಾನ ಒಂದೇ ಸಲ ಬರುವ 1 ಮತ್ತು 6ರ ಮೇಲೆ ಎಲ್ಲರ ಕಣ್ಣಿರುತ್ತದೆ.


ಉತ್ತರ 2

ಮೇಲಿನ ಪಟ್ಟಿ ಮೈದಾನದ ಮಟ್ಟಿಗೆ ಚೆನ್ನಾಗಿದೆ. ನಿಮ್ಮ ಎರಡನೇ ಪ್ರಶ್ನೆಗೆ ಬರುತ್ತೇನೆ, ಏಕೆಂದರೆ ಹೆಚ್ಚಿನವರು ನೋಡದೆ ಬಿಡುವುದು ಅದನ್ನೇ.

ಸುತ್ತುಗಳನ್ನು 1, 2, 3 ಎಂದು ಇದೇ ಕ್ರಮದಲ್ಲಿ ಆಡಿಸಬೇಡಿ. 7ನೇ ತಂಡದ ಸಾಲನ್ನು ನೋಡಿ. 2ನೇ ಸುತ್ತಿನಲ್ಲಿ ಅದರ ಎದುರಾಳಿ 4. ಆ 4 ಹಿಂದಿನ ಸುತ್ತಿನಲ್ಲಿ 5ರ ಜೊತೆ ಆಡಿ ಬಂದಿದೆ. 3ನೇ ಸುತ್ತಿನ ಎದುರಾಳಿ 6, ಅದೂ 5ರ ಜೊತೆ ಆಡಿ ಬಂದಿದೆ. 4ರಲ್ಲಿ 1, 5ರಲ್ಲಿ 3: ಅವೂ ಹಾಗೆಯೇ. ಸಾಲಾಗಿ ನಾಲ್ಕು ಸುತ್ತು 5ನೇ ತಂಡದ ಕೈಯಲ್ಲಿ ದಣಿದು ಬಂದವರೇ 7ಕ್ಕೆ ಸಿಗುತ್ತಾರೆ. 5 ಬಲಿಷ್ಠ ತಂಡವಾದರೆ, ಅಥವಾ ಮೈಮೇಲೆ ಬಿದ್ದು ಆಡುವ ತಂಡವಾದರೆ, 7ಕ್ಕೆ ಪುಕ್ಕಟೆ ಲಾಭ. 5 ದುರ್ಬಲವಾದರೆ 7ಕ್ಕೆ ಯಾವಾಗಲೂ ಚುರುಕಾಗಿರುವ ಎದುರಾಳಿಯೇ. ಈ ವಿಧಾನದ ಗುಣವೇ ಅದು: ಗೂಟದ ತಂಡವನ್ನು ಬಿಟ್ಟರೆ, ಯಾವ ತಂಡದ ಎದುರಾಳಿಗಳನ್ನು ನೋಡಿದರೂ ಸುತ್ತಿನಿಂದ ಸುತ್ತಿಗೆ ಸಂಖ್ಯೆ 2ರಂತೆ ಏರುತ್ತಾ ಹೋಗುತ್ತದೆ.

ಜೋಡಿಗಳನ್ನಾಗಲಿ ಮೈದಾನಗಳನ್ನಾಗಲಿ ಮುಟ್ಟದೆ ಇದನ್ನು ಸರಿಮಾಡಬಹುದು. ಯಾವ ಸುತ್ತನ್ನು ಮೊದಲು ಆಡಿಸಿದರೂ ಮೈದಾನದ ಲೆಕ್ಕ ಬದಲಾಗುವುದಿಲ್ಲ ತಾನೇ? ಹಾಗಾಗಿ ಸುತ್ತುಗಳನ್ನು 1, 3, 2, 6, 4, 5, 7 ಎಂಬ ಕ್ರಮದಲ್ಲಿ ಆಡಿಸಿ. ಒಂದು ಸುತ್ತಿನಿಂದ ಮುಂದಿನದಕ್ಕೆ ಹಾರುವ ದೂರವನ್ನು ಏಳರ ವೃತ್ತದಲ್ಲಿ ಎಣಿಸಿದರೆ 2, 6, 4, 5, 1, 2 ಬರುತ್ತದೆ. ಒಂದನ್ನು ಬಿಟ್ಟು ಯಾವುದೂ ಮರುಕಳಿಸುವುದಿಲ್ಲ. ಅದರ ಫಲವಾಗಿ, ಒಂದೇ ತಂಡದ ಜೊತೆ ಆಗಷ್ಟೇ ಆಡಿ ಬಂದ ಎದುರಾಳಿ ಯಾವ ತಂಡಕ್ಕೂ 3ಕ್ಕಿಂತ ಹೆಚ್ಚು ಸಲ ಸಿಗುವುದಿಲ್ಲ.

ಈ ಕ್ರಮದಿಂದ ಇನ್ನೊಂದು ಉಪಕಾರವೂ ಇದೆ. 3 ಮತ್ತು 4ನೇ ಸುತ್ತು ಬೆನ್ನಿಗೆ ಬೆನ್ನಾಗಿ ಬಂದರೆ 7 ಮತ್ತು 8 ಎರಡೂ ತಂಡಗಳು ಅದದೇ ಮೈದಾನದಲ್ಲಿ ಉಳಿಯುತ್ತವೆ. ಹೊಸ ಕ್ರಮದಲ್ಲಿ ಪ್ರತಿ ಬದಲಾವಣೆಯಲ್ಲೂ ಒಂದೇ ತಂಡ ಹಾಗೆ ಉಳಿಯುತ್ತದೆ, ಉಳಿದ ಏಳೂ ಮೈದಾನ ಬದಲಿಸುತ್ತವೆ.

ಒಂದೇ ಸಂಸ್ಥೆಯಿಂದ ಎರಡು ತಂಡ ಬಂದಿದ್ದರೆ ಅವೆರಡರ ಪಂದ್ಯ ಮೊದಲ ಸುತ್ತಿನಲ್ಲೇ ಮುಗಿದುಹೋಗಬೇಕು. ಕೊನೆಗೆ ಬಿಟ್ಟರೆ ಒಂದಕ್ಕೆ ಅಂಕ ಬೇಕು, ಇನ್ನೊಂದಕ್ಕೆ ಬೇಡ ಎನ್ನುವ ಪರಿಸ್ಥಿತಿ ಬಂದು ಸುಮ್ಮನೆ ಅನುಮಾನ ಹುಟ್ಟುತ್ತದೆ. 1ನೇ ಸುತ್ತಿನ ಜೋಡಿಗಳೆಲ್ಲ ಕೂಡಿದರೆ 9 ಬರುವಂಥವು (1–8, 2–7, 3–6, 4–5). ಹಾಗಾಗಿ ಅಂಥ ಎರಡು ತಂಡಗಳಲ್ಲಿ ಒಂದಕ್ಕೆ ಚೀಟಿ ಎತ್ತಿ, ಇನ್ನೊಂದಕ್ಕೆ 9ರಿಂದ ಅದನ್ನು ಕಳೆದು ಬಂದ ಸಂಖ್ಯೆ ಕೊಡಿ.


ಉತ್ತರ 3

ಮೊದಲ ಉತ್ತರದ ಅದಲು ಬದಲಿನ ನಿಯಮವನ್ನು ಬೇರೆ ಸಂಖ್ಯೆಗಳಿಗೆ ಹಚ್ಚುವವರಿಗೆ ಒಂದು ಎಚ್ಚರಿಕೆ. ಸುತ್ತುಗಳ ಸಂಖ್ಯೆ (ತಂಡಗಳಿಗಿಂತ ಒಂದು ಕಡಿಮೆ) 3ರಿಂದ ಭಾಗವಾಗದಿದ್ದರೆ ಮಾತ್ರ ಅದು ನಡೆಯುತ್ತದೆ. 6 ತಂಡಕ್ಕೆ 5 ಸುತ್ತು, 12ಕ್ಕೆ 11, 14ಕ್ಕೆ 13: ಇವೆಲ್ಲ ಸರಿ. 7ರ ಬದಲು 5, 11 ಅಥವಾ 13ರಿಂದ ಕಳೆಯಿರಿ, ಅಷ್ಟೇ.

10 ತಂಡಕ್ಕೆ 9 ಸುತ್ತು, 16ಕ್ಕೆ 15. ಇಲ್ಲಿ ನಿಯಮ ಕೈಕೊಡುತ್ತದೆ. 10 ತಂಡ, 5 ಮೈದಾನಕ್ಕೆ ಹಾಗೇ ಹಚ್ಚಿದರೆ 3 ಮತ್ತು 6ನೇ ತಂಡಗಳು ಎ ಮೈದಾನದಲ್ಲಿ 4 ಸಲ, 9ನೇ ತಂಡ 3 ಸಲ ಆಡಬೇಕಾಗುತ್ತದೆ. ಸಮ ಹಂಚಿಕೆ ಇಲ್ಲವೆಂದಲ್ಲ. ಸುತ್ತಿಗೆ ಬೇಕಾಗುವಷ್ಟೂ ಮೈದಾನಗಳಿದ್ದರೆ, 4 ತಂಡದ ಟೂರ್ನಿಯೊಂದನ್ನು ಬಿಟ್ಟು ಎಲ್ಲ ಸಮಸಂಖ್ಯೆಗೂ ಯಾವ ತಂಡವೂ ಯಾವ ಮೈದಾನದಲ್ಲೂ 2 ಸಲಕ್ಕಿಂತ ಹೆಚ್ಚು ಆಡದ ಪಟ್ಟಿ ಇದ್ದೇ ಇದೆ. ಇದು ಗಣಿತದಲ್ಲಿ ಸಾಧಿತವಾದ ವಿಷಯ. ಹುಡುಕಬೇಕು, ಅಷ್ಟೆ.

ಹುಡುಕಲು ಒಂದು ಸ್ಪ್ರೆಡ್‌ಶೀಟ್ ಸಾಕು. ತಂಡಗಳನ್ನು ಅಡ್ಡಸಾಲಾಗಿ, ಮೈದಾನಗಳನ್ನು ಕಂಬಸಾಲಾಗಿ ಇಟ್ಟು ಕೌಂಟ್‌ಇಫ್ ಸೂತ್ರದಿಂದ ಎಷ್ಟೆಷ್ಟು ಸಲ ಎಂದು ಎಣಿಸಿ. ಪ್ರತಿ ಎಣಿಕೆಯ ವರ್ಗ ತೆಗೆದು ಎಲ್ಲವನ್ನೂ ಕೂಡಿಸಿ. ಆಮೇಲೆ ಒಂದೊಂದೇ ಸುತ್ತಿನೊಳಗೆ ಎರಡು ಪಂದ್ಯಗಳ ಮೈದಾನ ಅದಲು ಬದಲು ಮಾಡಿ ನೋಡಿ. ಮೊತ್ತ ಇಳಿದರೆ ಇಟ್ಟುಕೊಳ್ಳಿ, ಏರಿದರೆ ಹಿಂದಿನಂತೆಯೇ ಬಿಡಿ. 10 ತಂಡಕ್ಕೆ ಗುರಿ 170 (ಪ್ರತಿ ತಂಡಕ್ಕೆ 2, 2, 2, 2, 1, ವರ್ಗಗಳ ಮೊತ್ತ 17). 8 ತಂಡಕ್ಕೆ 104. ಇಳಿಯದೆ ಎಲ್ಲಾದರೂ ಸಿಕ್ಕಿಕೊಂಡರೆ ಮೊತ್ತ ಬದಲಾಗದ ಒಂದೆರಡು ಅದಲು ಬದಲು ಮಾಡಿ ಮತ್ತೆ ಮುಂದುವರಿಸಿ. ಪ್ರಶ್ನೆ ಕೇಳಿದವರ ಪಟ್ಟಿ ಕೆಟ್ಟದ್ದು ಬಹುಶಃ ಇಲ್ಲೇ: ಒಂದು ತಂಡದ ಎಣಿಕೆಯನ್ನಷ್ಟೇ ನೋಡಿ ಬದಲಿಸಿದರೆ ಒಟ್ಟು ಮೊತ್ತ ಏರಿದ್ದು ಗೊತ್ತಾಗುವುದಿಲ್ಲ.

4 ತಂಡ, 2 ಮೈದಾನಕ್ಕೆ ಪ್ರಯತ್ನಿಸಿ ಸಮಯ ಕಳೆಯಬೇಡಿ. ಮೂರು ಸುತ್ತಿನಿಂದ ಒಂದೊಂದು ಪಂದ್ಯವನ್ನು ಎಗೆ ಆರಿಸಿದರೆ ಎರಡೇ ಸಾಧ್ಯತೆ. ಒಂದೋ ಆ ಮೂರೂ ಪಂದ್ಯಗಳಲ್ಲಿ ಒಂದೇ ತಂಡ ಇರುತ್ತದೆ, ಇಲ್ಲವೇ ಮೂರು ತಂಡಗಳು ತಮ್ಮತಮ್ಮಲ್ಲೇ ಆಡಿ ನಾಲ್ಕನೆಯದು ಮೂರೂ ಸಲ ಬಿಗೆ ಹೋಗುತ್ತದೆ. ಹೇಗೆ ಮಾಡಿದರೂ ಒಂದು ತಂಡ ಒಂದೇ ಮೈದಾನಕ್ಕೆ ಸಿಕ್ಕಿಕೊಳ್ಳುತ್ತದೆ. ಹೊತ್ತಿದ್ದರೆ ಎರಡು ಲೀಗ್ ಆಡಿಸಿ, ಎರಡನೆಯದರಲ್ಲಿ ಎ ಮತ್ತು ಬಿ ಅದಲು ಬದಲು ಮಾಡಿ. ಆಗ ಎಲ್ಲರಿಗೂ ಮೂರು ಮೂರು.


ಪ್ರಶ್ನೆ ಕೇಳಿದವರು

ತುಂಬಾ ಉಪಕಾರವಾಯಿತು. ಪಟ್ಟಿಯನ್ನು ಎಣಿಸಿ ನೋಡಿದೆ, 28 ಜೋಡಿಗಳೂ ಬಂದಿವೆ, ಮೈದಾನಗಳ ಲೆಕ್ಕವೂ ಸರಿ ಇದೆ. ಇನ್ನೆರಡು ವಿಷಯ. ಪಂದ್ಯಕ್ಕೆ 15 ನಿಮಿಷದ ಎರಡು ಅವಧಿ, ನಡುವೆ 5 ನಿಮಿಷ ವಿರಾಮ. ಇದಕ್ಕೆ ಸುತ್ತಿಗೆ ಎಷ್ಟು ಹೊತ್ತು ಇಡಬೇಕು? ಡಿ ಮೈದಾನದ ತಗ್ಗಿನ ಬದಿಯಲ್ಲಿ ನೀರು ನಿಲ್ಲುತ್ತದೆ. ಮಳೆ ಬಂದು ಮೂರು ಸುತ್ತಾದ ಮೇಲೆ ಅದು ಆಡಲು ಬಾರದಂತಾದರೆ ಉಳಿದ ಪಂದ್ಯಗಳನ್ನು ಹೇಗೆ ಹೊಂದಿಸುವುದು?


ಉತ್ತರ 4

ಹೊತ್ತಿನ ಲೆಕ್ಕ ಸುಲಭ: 15+5+15=35, ತಂಡಗಳು ಮೈದಾನ ಬದಲಿಸಲು, ರೆಫರಿ ಅಂಕಪಟ್ಟಿಗೆ ಸಹಿ ಹಾಕಿಸಲು 10, ಒಟ್ಟು 45 ನಿಮಿಷ. 7 ಸುತ್ತಿಗೆ 5 ಗಂಟೆ 15 ನಿಮಿಷ. ನಾಲ್ಕನೇ ಸುತ್ತಾದ ಮೇಲೆ ಊಟದ ಬಿಡುವಿನ ಜೊತೆಗೆ 15 ನಿಮಿಷ ಖಾಲಿ ಬಿಡಿ. ಬೆಳಗಿನಿಂದ ಕೂಡಿಕೊಂಡು ಬಂದ ತಡ ಅಲ್ಲಿ ಕರಗುತ್ತದೆ. ಆ 10 ನಿಮಿಷವನ್ನು 5ಕ್ಕೆ ಇಳಿಸುವ ಆಸೆ ಬೇಡ. ಉಳಿಯುವುದು ಮೂವತ್ತೈದು ನಿಮಿಷ, ಆದರೆ ಒಂದು ಪಂದ್ಯ ತಡವಾದರೆ ಮುಂದಿನ ಸುತ್ತಿನಲ್ಲಿ ಎರಡು ಮೈದಾನ ತಡ, ಅದರ ಮುಂದಿನದರಲ್ಲಿ ನಾಲ್ಕೂ ತಡ.

ನಾಲ್ಕೂ ಮೈದಾನಕ್ಕೆ ಒಂದೇ ಗಡಿಯಾರ, ಒಂದೇ ಸೀಟಿ ಇರಲಿ. ಒಂದು ಮೈದಾನದಲ್ಲಿ ಶುರು ತಡವಾದರೆ ಆ ಪಂದ್ಯದ ಆಟದ ಹೊತ್ತೇ ಕಡಿಮೆಯಾಗಬೇಕು, ಉಳಿದ ಮೂರು ಕಾಯಬಾರದು. ಈ ನಿಯಮವನ್ನು ಮೊದಲೇ ಲಿಖಿತವಾಗಿ ತಂಡಗಳಿಗೆ ಕೊಡಿ. ಇದು ಅವಧಿ ನಿಗದಿಯಾದ ಆಟಕ್ಕೆ ಮಾತ್ರ. ವಾಲಿಬಾಲ್‌ನಂತೆ ಸೆಟ್ ಲೆಕ್ಕದ ಆಟವಾದರೆ ಪಂದ್ಯ ಯಾವಾಗ ಮುಗಿಯುತ್ತದೆಂದು ಹೇಳಲಾಗದು, ಅಲ್ಲಿ ಸುತ್ತಿಗೆ ಹೊತ್ತು ಇನ್ನೂ ಧಾರಾಳವಾಗಿ ಇಡಬೇಕು.

ಡಿ ಕೆಟ್ಟರೆ: 1, 3, 2ನೇ ಸುತ್ತು ಮುಗಿದಿವೆ ಎಂದುಕೊಳ್ಳೋಣ. ಉಳಿದದ್ದು 6, 4, 5, 7ನೇ ಸುತ್ತು, 16 ಪಂದ್ಯ. ಪ್ರತಿ ಸುತ್ತನ್ನೂ ಎರಡು ಪಾಳಿಯಾಗಿ ಒಡೆದರೆ 8 ಪಾಳಿ, ಮೊದಲಿನ ಲೆಕ್ಕಕ್ಕಿಂತ 3 ಗಂಟೆ ಹೆಚ್ಚು. ಹಾಗೆ ಮಾಡಬೇಡಿ. ಡಿಯಲ್ಲಿ ನಡೆಯಬೇಕಿದ್ದ ನಾಲ್ಕು ಪಂದ್ಯಗಳನ್ನು ಮಾತ್ರ ಬದಿಗೆ ತೆಗೆದಿಡಿ: 2–3, 1–7, 5–8, 3–4. ಉಳಿದವು ಎ, ಬಿ, ಸಿಯಲ್ಲಿ ಪಟ್ಟಿಯಂತೆಯೇ ನಡೆಯಲಿ. ತೆಗೆದಿಟ್ಟವಕ್ಕೆ ಎರಡು ಪಾಳಿ ಸಾಕು. ಒಟ್ಟು 6 ಪಾಳಿ, 90 ನಿಮಿಷ ಮಾತ್ರ ಹೆಚ್ಚು.

ಕ್ರಮ ಹೀಗಿರಲಿ. ಮೊದಲು 6, 4, 5ನೇ ಸುತ್ತುಗಳ ಮೂರು ಮೂರು ಪಂದ್ಯ. ನಾಲ್ಕನೇ ಪಾಳಿಯಲ್ಲಿ ಎ 1–7, ಬಿ 2–3. ಐದನೆಯದರಲ್ಲಿ ಎ 5–8, ಸಿ 3–4. ಕೊನೆಗೆ 7ನೇ ಸುತ್ತಿನ 7–8, 1–6, 2–5. ತೆಗೆದಿಟ್ಟ ಪಂದ್ಯಗಳನ್ನು ಎಲ್ಲಿ ಬೇಕಾದರೂ ಹಾಕಿಲ್ಲ: 7 ಮತ್ತು 8ಕ್ಕೆ ಎ, 2ಕ್ಕೆ ಬಿ, 3 ಮತ್ತು 4ಕ್ಕೆ ಸಿ ಒಂದೊಂದೇ ಸಲ ಇತ್ತು, ಆ ಕೊರತೆ ತುಂಬುವಂತೆ ಕೊಟ್ಟಿದೆ. ಕೊನೆಯಲ್ಲಿ ಎಣಿಸಿದರೆ ಒಂದೇ ಮೈದಾನದಲ್ಲಿ 3 ಸಲ ಆಡಿದವು 1 ಮತ್ತು 5 (ಎ), 3 (ಬಿ) ಮಾತ್ರ. ಮೂರೇ ಮೈದಾನ ಉಳಿದ ಮೇಲೆ ಅಷ್ಟನ್ನು ಒಪ್ಪಿಕೊಳ್ಳಬೇಕು. 3ನೇ ತಂಡ ಮಾತ್ರ ಬಿಡುವಿಲ್ಲದೆ ನಾಲ್ಕು ಪಾಳಿ ಆಡುತ್ತದೆ; ನಾಲ್ಕನೇ ಪಾಳಿಯ ಮುಂಚೆ ಐದೋ ಹತ್ತೋ ನಿಮಿಷ ಹೆಚ್ಚು ಕೊಟ್ಟರೆ ಒಳ್ಳೆಯದು.


ಉತ್ತರ 5

ಮೇಲಿನವರ ಕೊನೆಯ ಪಾಳಿಯ ಬಗ್ಗೆ ಒಂದು ತಿದ್ದುಪಡಿ. ಯಾವ ಮೂರು ಪಂದ್ಯ ಕೊನೆಗೆ ಬರಬೇಕು ಎಂಬುದನ್ನು ಮೊದಲೇ ಗಟ್ಟಿ ಮಾಡಬೇಡಿ. ನಾಲ್ಕೂ ಮೈದಾನ ಇದ್ದಾಗ ಕೊನೆಯ ಸುತ್ತು ಎಲ್ಲೆಡೆ ಒಂದೇ ಹೊತ್ತಿಗೆ ನಡೆಯುತ್ತದೆ, ಯಾರಿಗೂ ಇನ್ನೊಬ್ಬರ ಫಲಿತಾಂಶ ಮುಂಚಿತವಾಗಿ ಗೊತ್ತಿರುವುದಿಲ್ಲ. ಮೂರೇ ಇದ್ದಾಗ ಆ ರಕ್ಷಣೆ ಹೋಗುತ್ತದೆ. 1982ರ ಫುಟ್‌ಬಾಲ್ ವಿಶ್ವಕಪ್‌ನಲ್ಲಿ ಆಗಿದ್ದು ಇದೇ. ಅಲ್ಜೀರಿಯಾದ ಕೊನೆಯ ಗುಂಪು ಪಂದ್ಯ ಹಿಂದಿನ ದಿನವೇ ಮುಗಿದಿತ್ತು. ಪಶ್ಚಿಮ ಜರ್ಮನಿ 1–0 ಅಂತರದಲ್ಲಿ ಗೆದ್ದರೆ ತಾನೂ ಆಸ್ಟ್ರಿಯಾವೂ ಮುಂದೆ ಹೋಗುತ್ತವೆ ಎಂಬುದು ಆ ಎರಡೂ ತಂಡಗಳಿಗೆ ಗೊತ್ತಿತ್ತು, ಆದದ್ದೂ 1–0. 1986ರಿಂದ ಗುಂಪಿನ ಕೊನೆಯ ಎರಡು ಪಂದ್ಯಗಳನ್ನು ಒಂದೇ ಹೊತ್ತಿಗೆ ಆಡಿಸುತ್ತಾರೆ.

ಹಾಗಾಗಿ ನಾಲ್ಕನೇ ಪಾಳಿ ಮುಗಿದ ಮೇಲೆ ಅಂಕಪಟ್ಟಿ ನೋಡಿ. 3 ಅಥವಾ 4 ಮೇಲಿನ ಸ್ಥಾನದ ಪೈಪೋಟಿಯಲ್ಲಿದ್ದರೆ 3–4 ಪಂದ್ಯವನ್ನು ಕೊನೆಯ ಪಾಳಿಗೆ ತಂದು, ಏನೂ ತೀರ್ಮಾನವಾಗದ ಪಂದ್ಯವೊಂದನ್ನು ಐದನೆಯದಕ್ಕೆ ಸರಿಸಿ. ಸರಿಸುವ ಪಂದ್ಯದಲ್ಲಿ 5 ಮತ್ತು 8 ಇರಬಾರದು, ಅವು ಆಗ ಆಡುತ್ತಿರುತ್ತವೆ. ಎಂದರೆ ಸರಿಸಲು ಬರುವುದು 1–6 ಒಂದೇ. ಅದೂ ಮುಖ್ಯ ಪಂದ್ಯವಾದರೆ ಎಲ್ಲವನ್ನೂ ಹಾಗೇ ಬಿಡಿ.

ಮಳೆಗಿಂತ ಹೆಚ್ಚಾಗಿ ಆಗುವುದು ಬೆಳಿಗ್ಗೆ ಒಂದು ತಂಡ ಬಾರದೇ ಇರುವುದು. ಅದು ಎಷ್ಟನೇ ಸಂಖ್ಯೆಯಾಗಿದ್ದರೂ ಆ ತಂಡಕ್ಕೆ 8 ಎಂದು ಕೊಡಿ, ಅದರ ಸಂಖ್ಯೆಯನ್ನು ಹಿಂದೆ 8 ಆಗಿದ್ದವರಿಗೆ ಕೊಡಿ, ಅದಲು ಬದಲಿನ ನಿಯಮವನ್ನು ಪೂರ್ತಿ ಬಿಟ್ಟುಬಿಡಿ. ಮೊದಲ ಉತ್ತರದಲ್ಲಿ ಹೇಳಿದ 7 ತಂಡದ ಪಟ್ಟಿ ಸಿಗುತ್ತದೆ. ಪಂದ್ಯಗಳು ಬಿ, ಸಿ, ಡಿಯಲ್ಲಿ ಬೀಳುತ್ತವೆ. ಇಳಿಜಾರಿನ ಡಿ ಬೇಡವಾದರೆ ಡಿ ಇರುವಲ್ಲೆಲ್ಲ ಎ ಎಂದು ಓದಿಕೊಳ್ಳಿ. ಎಲ್ಲರಿಗೂ ಮೂರು ಮೈದಾನಗಳಲ್ಲಿ ಎರಡೆರಡು ಪಂದ್ಯ, ಒಂದು ಬಿಡುವು. ಸುತ್ತುಗಳು ಏಳೇ, ಹೊತ್ತು ಬದಲಾಗುವುದಿಲ್ಲ.

ನಡುವೆ ಬಿಟ್ಟುಹೋಗುವ ತಂಡಕ್ಕೆ ಚದುರಂಗದ ಲೀಗ್‌ಗಳ ಪದ್ಧತಿ ಒಳ್ಳೆಯದು. ಅರ್ಧಕ್ಕಿಂತ ಕಡಿಮೆ ಪಂದ್ಯ ಆಡಿ ಹೋದರೆ ಅದರ ಎಲ್ಲ ಫಲಿತಾಂಶಗಳನ್ನೂ ಅಂಕಗಳ ಲೆಕ್ಕದಿಂದ ತೆಗೆಯಿರಿ. ಅರ್ಧ ಅಥವಾ ಹೆಚ್ಚು ಆಡಿದ್ದರೆ ಉಳಿದ ಎದುರಾಳಿಗಳಿಗೆ ಆಡದೆಯೇ ಗೆಲುವು ಕೊಡಿ. ನಿಮ್ಮಲ್ಲಿ 7 ಪಂದ್ಯಗಳಿರುವುದರಿಂದ ಗಡಿ 4: ಮೂರು ಆಡಿ ಹೋದರೆ ತೆಗೆಯುವುದು, ನಾಲ್ಕು ಆಡಿದ್ದರೆ ಉಳಿಸುವುದು. ಹಾಗೆ ಸಿಕ್ಕ ಗೆಲುವಿಗೆ ಗೋಲು ಅಥವಾ ಅಂಕದ ಅಂತರ ಎಷ್ಟು ಎಂಬುದನ್ನೂ ಮೊದಲ ಸೀಟಿಗೆ ಮುಂಚೆಯೇ ಬರೆದಿಡಿ, ಏಕೆಂದರೆ ಇಬ್ಬರ ಅಂಕ ಸಮವಾದಾಗ ಸ್ಥಾನ ತೀರ್ಮಾನವಾಗುವುದು ಆ ಅಂತರದಿಂದಲೇ.